ಓದುಗರ ಸ್ಪಂದನ: ‘ಣ’ ಅಕ್ಷರಕ್ಕೆ ಮಗನಿಗೆ ಏನು ಹೆಸರಿಡಲಿ?

ಮಂಡ್ಯದ ಓದುಗಿಯೊಬ್ಬರು ಹೀಗೆ ಕೇಳಿದ್ದರು:

“ನನ್ನ ತವರು ಮಂಡ್ಯ, ಗಂಡನ ಮನೆ ಮೈಸೂರು. ಚೊಚ್ಚಲ ಮಗು, ಗಂಡು. ಬಾಣಂತನಕ್ಕೆ ಅವ್ವನ ಮನೆಯಲ್ಲಿದ್ದೇನೆ. ಮೂರು ತಿಂಗಳಿಗೆ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡಿದ್ದಾರೆ. ಮಗು ಹುಟ್ಟಿದ್ದು ಹಸ್ತಾ ನಕ್ಷತ್ರ, ಮೂರನೇ ಪಾದ. ಅದಕ್ಕೆ ‘ಣ’ ಅಕ್ಷರ ಬರುತ್ತದಂತೆ. ‘ಣ’ದಿಂದ ಶುರುವಾಗುವ ಹೆಸರು ಎಲ್ಲಿಂದ ತರಲಿ? ‘ನ’ ಇಟ್ಟರೂ ನಡೆಯುತ್ತದೆ ಅಂತ ಜೋಯಿಸರು ಹೇಳಿದ್ದಾರೆ. ಅತ್ತೆಗೆ ಅವರ ಮಾವನವರ ಹೆಸರಿನಲ್ಲಿದ್ದ ‘ನಂಜುಂಡ’ ಮುಂದುವರಿಯಬೇಕು ಅಂತ ಆಸೆ. ನನ್ನ ಗಂಡನಿಗೆ ಅದು ಹಳೇ ಕಾಲದ್ದು ಅನ್ನಿಸುತ್ತದೆ. ಮೊಬೈಲಿನಲ್ಲಿ ಪಟ್ಟಿ ನೋಡಿ ನಿವಾನ್, ನಿರ್ವಾನ್ ಅಂತೆಲ್ಲ ತೋರಿಸುತ್ತಾರೆ. ನನಗೆ ಬೇಕಿರುವುದು ಅಪರೂಪದ ಹೆಸರು. ಸುಮ್ನೆ ಕೇಳಲು ಚೆನ್ನಾಗಿದ್ದರೆ ಸಾಲದು, ಅರ್ಥವೂ ಇರಬೇಕು. ದಾರಿ ತೋರಿಸಿ.”

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಮಗಳೇ,

ನಿಮ್ಮತ್ತೆ ಹೇಳಿದ ಹೆಸರನ್ನು ಹಳೇದು ಅಂತ ಬದಿಗೆ ಸರಿಸುವ ಮೊದಲು ಒಂದು ಸಲ ಯೋಚನೆ ಮಾಡಿ. ಅಪರೂಪದ ಹೆಸರು ಬೇಕು ಅನ್ನುತ್ತೀರಿ. ಇವತ್ತು ಮೈಸೂರಿನ ಯಾವ ಎಲ್‌ಕೆಜಿಗೆ ಹೋಗಿ ಕೇಳಿದರೂ ನಂಜುಂಡ ಅನ್ನುವ ಮಗು ಸಿಕ್ಕುವುದು ಕಷ್ಟ. ನಾನು ಚಿಕ್ಕವಳಿದ್ದಾಗ ನಮ್ಮ ಸೀಮೆಯಲ್ಲಿ ನಂಜುಂಡ, ನಂಜಪ್ಪ, ನಂಜಮ್ಮ, ನಂಜಮ್ಮಣ್ಣಿ ಇಲ್ಲದ ಮನೆ ಇರಲಿಲ್ಲ. ರಥಬೀದಿಯಲ್ಲಿ ನಿಂತು “ಲೋ ನಂಜುಂಡಾ” ಅಂತ ಕೂಗಿದರೆ ನಾಲ್ಕು ಬಾಗಿಲಲ್ಲಿ ತಲೆ ಹೊರಗೆ ಬರುತ್ತಿತ್ತು. ಈಗ ಆ ಹೆಸರಿನವರೆಲ್ಲ ತಾತಂದಿರಾಗಿದ್ದಾರೆ. ಅವರ ಮೊಮ್ಮಕ್ಕಳಿಗೆ ಆ ಹೆಸರು ಬರಲಿಲ್ಲ. ಹಾಗಾಗಿ ನೀವು ಎಲ್ಲೆಲ್ಲೋ ಹುಡುಕುತ್ತಿರುವ ಅಪರೂಪದ ಹೆಸರು ನಿಮ್ಮ ಮನೆಯೊಳಗೇ ಇದೆ.

ಅರ್ಥ ಕೇಳುತ್ತೀರಾ? ಸಮುದ್ರ ಕಡೆದಾಗ ಬಂದ ನಂಜನ್ನು ಉಂಡವನು. ಲೋಕ ಉಳಿಯಲಿ ಅಂತ ಅದನ್ನು ತನ್ನ ಗಂಟಲಲ್ಲೇ ನಿಲ್ಲಿಸಿಕೊಂಡವನು. ಇದಕ್ಕಿಂತ ದೊಡ್ಡ ಅರ್ಥ ಇನ್ಯಾವ ಹೆಸರಿಗಿದೆ? ಕಪಿಲಾ ನದಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಉರುಳು ಸೇವೆ ಮಾಡಿ, “ನಂಜುಂಡಪ್ಪ, ಕಾಯಿಲೆ ವಾಸಿ ಮಾಡಪ್ಪ” ಅಂತ ಬೇಡಿಕೊಳ್ಳುವವರನ್ನು ನಾನು ಬದುಕಿಡೀ ನೋಡಿದ್ದೇನೆ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣಿನ ಕಾಯಿಲೆ ಬಂದು ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅವನು ಈ ದೇವರನ್ನು ‘ಹಕೀಮ್ ನಂಜುಂಡ’ ಅಂತ ಕರೆದು ಪಚ್ಚೆಯ ಲಿಂಗ ಕೊಟ್ಟ ಅಂತ ನಮ್ಮೂರಿನಲ್ಲಿ ಹೇಳುತ್ತಾರೆ. ಹಕೀಮ್ ಅಂದರೆ ವೈದ್ಯ. ಎಲ್ಲ ಜಾತಿ, ಎಲ್ಲ ಧರ್ಮದವರ ನಾಲಗೆಯ ಮೇಲೆ ಓಡಾಡಿದ ಹೆಸರು ಇದು.

ನಿಮ್ಮ ಯಜಮಾನರಿಗೆ ಇಷ್ಟು ಹೇಳಿದರೂ ಮನಸ್ಸು ಬರಲಿಲ್ಲ ಅಂದರೆ ‘ನೀಲಕಂಠ’ ಅಂತ ಇಡಿ. ಅದೂ ಅದೇ ಕಥೆ, ಅದೇ ದೇವರು. ತಾತನ ಹೆಸರು ಉಳಿದ ಹಾಗಾಯಿತು, ‘ನ’ ಅಕ್ಷರವೂ ಬಂತು. ಮನೆಯಲ್ಲಿ ನೀಲು ಅಂತ ಕರೆದುಕೊಳ್ಳಿ. ನಿಮ್ಮತ್ತೆಯ ಎದುರು ಮಾತ್ರ ಹಳೇ ಹೆಸರು ಅನ್ನಬೇಡಿ. ಅವರಿಗೆ ಅದು ಒಬ್ಬ ಮನುಷ್ಯ. ಅವರು ಸೊಸೆಯಾಗಿ ಬಂದಾಗ ಕಂಡ ಮಾವ.

— ನಿವೃತ್ತ ದಾದಿ, ನಂಜನಗೂಡು

*

ತಂಗಿ,

ನಾನು ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ ಕನ್ನಡ ಪಾಠ ಮಾಡಿದವಳು. ಹಾಜರಿ ಪುಸ್ತಕ ನೋಡಿಯೇ ಆ ಮಕ್ಕಳು ಯಾವ ಕಾಲದಲ್ಲಿ ಹುಟ್ಟಿದವರು ಅಂತ ಹೇಳಬಲ್ಲೆ. ಒಂದು ಕಾಲಕ್ಕೆ ಸಾಲು ಸಾಲು ಮಂಜುನಾಥ, ಕುಮಾರ, ಮಹೇಶ. ಆಮೇಲೆ ಅಭಿಷೇಕ್, ದರ್ಶನ್, ಪುನೀತ್. ಈಗ ಆರವ್, ವಿಹಾನ್, ಅಯಾಂಶ್. ಇವರ ಅಪ್ಪ ಅಮ್ಮಂದಿರೆಲ್ಲ ಯಾರಿಗೂ ಇಲ್ಲದ ಹೆಸರು ಬೇಕು ಅಂತಲೇ ಹುಡುಕಿದವರು. ಎಲ್ಲರೂ ಹುಡುಕಿದ್ದು ಒಂದೇ ಪಟ್ಟಿಯಲ್ಲಿ! ಹಾಗಾಗಿ ಒಂದೇ ತರಗತಿಯಲ್ಲಿ ಮೂರು ವಿಹಾನ್ ಕೂತಿರುತ್ತಾರೆ, ವಿಹಾನ್ ಎಂ., ವಿಹಾನ್ ಎಸ್. ಅಂತ ಇನಿಶಿಯಲ್ ಸೇರಿಸಿ ಕೂಗಬೇಕಾಗುತ್ತದೆ. ಮೊಬೈಲಿನ ಪಟ್ಟಿಯಲ್ಲಿ ‘ಅಪರೂಪದ ಹೆಸರು’ ಅಂತ ಬರೆದಿದ್ದರೆ ಅದನ್ನು ಸಾವಿರಾರು ಜನ ಆಗಲೇ ನೋಡಿದ್ದಾರೆ ಅಂತ ತಿಳಿಯಿರಿ.

ಅರ್ಥದ ವಿಷಯದಲ್ಲಂತೂ ಆ ಪಟ್ಟಿಗಳನ್ನು ನಂಬಲೇಬೇಡಿ. ಎಷ್ಟೋ ಹೆಸರುಗಳ ಮುಂದೆ ‘ವಿಷ್ಣುವಿನ ಅಂಶ’, ‘ಪವಿತ್ರ’, ‘ದೇವರ ಕೊಡುಗೆ’ ಅಂತ ಸುಮ್ನೆ ಬರೆದುಬಿಟ್ಟಿರುತ್ತಾರೆ. ನಿಮ್ಮ ಯಜಮಾನರು ನಿರ್ವಾನ್ ಅಂತ ತೋರಿಸಿದ್ದಾರೆ. ಅದು ನಿರ್ವಾಣ. ದೀಪ ಆರಿಹೋಗುವುದು ಅನ್ನುವ ಅರ್ಥ ಅದರ ಮೂಲದಲ್ಲಿದೆ. ಬುದ್ಧನ ಮಾರ್ಗದಲ್ಲಿ ನಡೆಯುವವರಿಗೆ ಅದು ದೊಡ್ಡ ಮಾತು. ತೊಟ್ಟಿಲ ಮಗುವಿಗೆ ಇಡುವವರು ಮಾತ್ರ ಇದನ್ನು ತಿಳಿದೇ ಇಡಬೇಕು. ನಮ್ಮ ಇತಿಹಾಸದಲ್ಲಿ ಸಿಕ್ಕಿತು ಅಂತಲೂ ಕಣ್ಣು ಮುಚ್ಚಿ ಇಡಬಾರದು. ತಲಕಾಡಿನಿಂದ ಆಳಿದ ಗಂಗರಲ್ಲಿ ಅವಿನೀತ, ದುರ್ವಿನೀತ ಅಂತ ದೊರೆಗಳಿದ್ದರು. ಕೇಳಲು ಗಂಭೀರವಾಗಿದೆ, ದುರ್ವಿನೀತ ದೊಡ್ಡ ರಾಜನೂ ಹೌದು. ಆದರೆ ನಿಘಂಟು ತೆಗೆದರೆ ಎರಡಕ್ಕೂ ವಿನಯವಿಲ್ಲದವನು ಅಂತ ಅರ್ಥ ಬರುತ್ತದೆ.

ಆದ್ದರಿಂದ ಯಾವ ಹೆಸರು ಇಷ್ಟವಾದರೂ ಮೊದಲು ನಿಘಂಟು ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿದೆ. ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿದರೆ ಸಿಗುತ್ತದೆ. ಕಿಟ್ಟೆಲ್ ಅವರ 1894ರ ನಿಘಂಟು ಇವತ್ತಿಗೂ ನಂಬಬಹುದಾದದ್ದು. ಮೊಬೈಲೇ ಬೇಕು ಅಂದರೆ ‘ಅಲರ್’ ಅನ್ನುವ ಕನ್ನಡ ನಿಘಂಟು ಇದೆ. ಬಾಣಂತನದಲ್ಲಿ ಮಗು ಮಲಗಿದಾಗ ‘ನ’ ಅಕ್ಷರದ ಪುಟಗಳನ್ನು ತಿರುವಿ ಹಾಕಿ. ಪಟ್ಟಿಯಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತದೆ.

ನನಗೆ ಹೊಳೆದ ಎರಡು ಹೆಸರು ಹೇಳುತ್ತೇನೆ. ಒಂದು ‘ನನ್ನಿ’. ಹಳಗನ್ನಡದಲ್ಲಿ ಸತ್ಯ ಅಂತ ಅರ್ಥ. ಪ್ರೀತಿ ಅಂತಲೂ ಇದೆ. ಗಂಗ ದೊರೆ ಬೂತುಗನಿಗೆ ‘ನನ್ನಿಯ ಗಂಗ’ ಅನ್ನುವ ಬಿರುದಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಾಳಿ ಅನ್ನುವ ಬೇಟೆನಾಯಿಗೆ ಕಲ್ಲು ನೆಡಿಸಿದ ಕಥೆ ಕೇಳಿದ್ದೀರಲ್ಲ? ಹಂದಿಯ ಜೊತೆ ಹೋರಾಡಿ ಸತ್ತ ನಾಯಿ. ಅದು ಇದೇ ಬೂತುಗನ ಕಾಲದ್ದು, ಸುಮಾರು ಕ್ರಿ.ಶ. 950. ನಮ್ಮ ಜಿಲ್ಲೆಯ ಮಣ್ಣಿನಲ್ಲೇ ಇದ್ದ ಮಾತು, ಈಗ ಯಾರ ಬಾಯಲ್ಲೂ ಇಲ್ಲ. ಎರಡನೆಯದು ‘ನೇಸರ’. ಸೂರ್ಯ. ಮೂರೇ ಅಕ್ಷರ, ಒಂದೂ ಒತ್ತಿಲ್ಲ. ನಾನಾಗಿದ್ದರೆ ಇದನ್ನೇ ಇಡುತ್ತಿದ್ದೆ.

ಒತ್ತಿಲ್ಲ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಮಗುವಿನ ಹೆಸರನ್ನು ಮೊದಲ ಐದಾರು ವರ್ಷ ಎಲ್ಲರಿಗಿಂತ ಜಾಸ್ತಿ ಕೂಗುವುದು ಅಜ್ಜಿ, ತಾತ. ನಮ್ಮ ಕಡೆ ಹಳ್ಳಿಯಲ್ಲಿ ‘ಹ’ಕಾರ ಬಿದ್ದುಹೋಗುತ್ತದೆ, ‘ಶ’, ‘ಷ’ ಎರಡೂ ‘ಸ’ ಆಗುತ್ತವೆ, ಮಹಾಪ್ರಾಣ ಬರುವುದೇ ಇಲ್ಲ. ಹರ್ಷ ಅಂತ ಇಟ್ಟರೆ ಅಜ್ಜಿಯ ಬಾಯಲ್ಲಿ ಅದು ‘ಅರ್ಸ’. ಮಗ ದೊಡ್ಡವನಾದ ಮೇಲೆ ಅಜ್ಜಿಯನ್ನು ತಿದ್ದಲು ಶುರು ಮಾಡುತ್ತಾನೆ. ಅಜ್ಜಿ ನಾಚಿಕೊಂಡು ಅವನನ್ನು ಹೆಸರಿಡಿದು ಕರೆಯುವುದನ್ನೇ ಬಿಡುತ್ತಾಳೆ. ಇದನ್ನು ಮನೆ ಮನೆಯಲ್ಲಿ ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಅಜ್ಜಿಯ ನಾಲಗೆ ಹೇಗೆ ತಿರುಗಿದರೂ ಕೆಡದ ಹೆಸರು ಇರಬೇಕು. ನೇಸರ, ನಂಜುಂಡ, ನನ್ನಿ ಮೂರೂ ಹಾಗೇ ಇವೆ.

ಹಾಗಂತ ಉದ್ದ ಹೆಸರು ಇಡಲೇಬಾರದು ಅಂತಲ್ಲ. ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಅಂತ ಹೆಸರಿಟ್ಟರು. ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಆ ಕಾಲಕ್ಕೆ ಅಂಥ ಹೆಸರು ಎಲ್ಲಿತ್ತು? ಒಂಟಿಕೊಪ್ಪಲಿನ ತಮ್ಮ ಮನೆಗೆ ‘ಉದಯರವಿ’ ಅಂತ ಹೆಸರಿಟ್ಟವರು ಅವರು. ಚಂದ್ರ, ಕೋಗಿಲೆ, ಚೈತ್ರ, ಉದಯ ಎಲ್ಲವೂ ಅವರು ದಿನಾ ಕಂಡು ಕೇಳಿ ಪ್ರೀತಿಸಿದವು. ಅವೇ ಮಕ್ಕಳ ಹೆಸರಾದವು. ನೀವೂ ಹಾಗೆ ಕೇಳಿಕೊಳ್ಳಿ. ನಿಮಗೂ ನಿಮ್ಮ ಯಜಮಾನರಿಗೂ ಯಾವುದು ಪ್ರಾಣ? ಹಾಡೇ? ಹೊಳೆಯೇ? ಗದ್ದೆಯೇ? ಅಲ್ಲಿಂದ ಹೆಸರು ತನ್ನಿ.

— ನಿವೃತ್ತ ಕನ್ನಡ ಶಿಕ್ಷಕಿ, ಮಂಡ್ಯ

*

ಅಮ್ಮಾ,

‘ಣ’ ಬಂತಲ್ಲ ಅಂತ ಗಾಬರಿ ಬೇಡ. 27 ನಕ್ಷತ್ರ, ಒಂದೊಂದಕ್ಕೂ ನಾಲ್ಕು ಪಾದ, ಒಟ್ಟು 108 ಅಕ್ಷರಗಳ ಲೆಕ್ಕ ಇದು. ಇದರಲ್ಲಿ ಹೆಸರು ಸಿಗದ ಅಕ್ಷರಗಳು ಇದ್ದೇ ಇವೆ. ಆರ್ದ್ರಾ ಮೂರನೇ ಪಾದಕ್ಕೆ ‘ಙ’ ಬರುತ್ತದೆ. ಉತ್ತರಾಭಾದ್ರಾಕ್ಕೆ ‘ಞ’ ಬರುತ್ತದೆ. ಹಸ್ತಾ ನಕ್ಷತ್ರದ ನಾಲ್ಕು ಅಕ್ಷರ ಪು, ಷ, ಣ, ಠ. ಪಾದದ ಅಕ್ಷರ ಕೂಡಿಬರದಿದ್ದರೆ ಅದೇ ನಕ್ಷತ್ರದ ಬೇರೆ ಪಾದದ್ದನ್ನು ಹಿಡಿಯುವ ರೂಢಿ ಇದೆ. ಹಾಗಾಗಿ ‘ಪು’ ಕೂಡ ನಿಮಗೆ ಉಂಟು. ನಿಮ್ಮ ಜೋಯಿಸರು ಹೇಳಿದ ಹಾಗೆ ‘ನ’ ಇಡುವವರೂ ಇದ್ದಾರೆ, ತಪ್ಪಿಲ್ಲ.

ಇನ್ನೊಂದು ವಿಷಯ ಈಗ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶಾಸ್ತ್ರದ ಪ್ರಕಾರ ನಾಮಕರಣದಲ್ಲಿ ಮಗುವಿಗೆ ಒಂದೇ ಹೆಸರು ಇಡುವುದಲ್ಲ. ದೇವತಾ ನಾಮ, ಮಾಸ ನಾಮ, ನಕ್ಷತ್ರ ನಾಮ, ವ್ಯಾವಹಾರಿಕ ನಾಮ ಅಂತ ನಾಲ್ಕು. ಕುಲದೇವರದ್ದು ಒಂದು, ಹುಟ್ಟಿದ ತಿಂಗಳಿಗೆ ಒಂದು, ನಕ್ಷತ್ರಕ್ಕೆ ಒಂದು, ಜನ ಕರೆಯುವುದಕ್ಕೆ ಒಂದು. ಅಕ್ಷರದ ಕಟ್ಟು ಇರುವುದು ನಕ್ಷತ್ರದ ಹೆಸರಿಗೆ. ಶಾಲೆಗೆ, ಊರಿಗೆ ಬೇಕಾದ ಹೆಸರನ್ನು ನೀವು ಯಾವ ಅಕ್ಷರದಲ್ಲಾದರೂ ಇಡಬಹುದು. ನಿಮ್ಮತ್ತೆಯ ‘ನಂಜುಂಡ’ ದೇವತಾ ನಾಮವಾಗಲಿ, ಅದನ್ನೇ ಮೊದಲು ಕಿವಿಯಲ್ಲಿ ಹೇಳಿಸಿ. ಮಿಕ್ಕದ್ದು ನಿಮ್ಮಿಬ್ಬರ ಇಷ್ಟ.

ಗೃಹ್ಯಸೂತ್ರದಲ್ಲಿ ಗಂಡುಮಗುವಿನ ಹೆಸರು ಎರಡೋ ನಾಲ್ಕೋ ಅಕ್ಷರ ಇರಲಿ ಎಂದಿದೆ. ಅದನ್ನು ಕಟ್ಟುನಿಟ್ಟಾಗಿ ಹಿಡಿಯುವವರು ಈಗ ಕಡಿಮೆ. ನಾನೂ ಹಟ ಮಾಡುವುದಿಲ್ಲ. ನಿಮಗೆ ಉಪಯೋಗಕ್ಕೆ ಬರುವ ಮಾತು ಬೇರೆ ಇದೆ: ಹಸ್ತಾ ನಕ್ಷತ್ರದ ದೇವತೆ ಸವಿತೃ. ಅಂದರೆ ಸೂರ್ಯ. ಅಕ್ಷರದ ಚಿಂತೆ ಬಿಟ್ಟು ಸೂರ್ಯನ ಹೆಸರು ಯಾವುದನ್ನಿಟ್ಟರೂ ಈ ಮಗುವಿಗೆ ಒಪ್ಪುತ್ತದೆ.

— ಪೌರೋಹಿತ್ಯ ಮಾಡುವವರು, ಶ್ರೀರಂಗಪಟ್ಟಣ

*

ಅಕ್ಕಾ, ನಮ್ಮಲ್ಲಿ ಮಗು ಹುಟ್ಟಿದ ಏಳನೇ ದಿನ ಅಕೀಕಾ ಮಾಡಿ ಹೆಸರಿಡುವುದು. ನಮಗೂ ಇದೇ ತೊಂದರೆ. ಮೊಬೈಲಿನಲ್ಲಿ ಅರಬ್ಬಿ ಹೆಸರು ಅಂತ ಹಾಕಿರುತ್ತಾರೆ. ಅರಬ್ಬಿ ಬಲ್ಲವರನ್ನು ಕೇಳಿದರೆ ಅಂಥ ಪದವೇ ಇಲ್ಲ ಅನ್ನುತ್ತಾರೆ. ನಾವು ಮಗನಿಗೆ ಹೆಸರಿಡುವಾಗ ಮಸೀದಿಯ ಮೌಲಾನಾ ಹತ್ತಿರ ಹೋಗಿ ಅರ್ಥ ಕೇಳಿಯೇ ಇಟ್ಟೆವು. ಒಳ್ಳೆಯ ಅರ್ಥದ ಹೆಸರು ಕೊಡುವುದು ಅಪ್ಪ ಅಮ್ಮನ ಮೇಲೆ ಮಗುವಿಗಿರುವ ಹಕ್ಕು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಹೆಸರು ಯಾವ ಭಾಷೆಯದೋ ಆ ಭಾಷೆ ಓದಿದ ಒಬ್ಬರನ್ನಾದರೂ ಕೇಳಿ.

— ಉದಯಗಿರಿ, ಮೈಸೂರು

*

ಪ್ರೀತಿಯ ಸೋದರಿ,

ನಮ್ಮ ಮನೆಯಲ್ಲಿ ಹೆಸರು ಹುಡುಕುವಾಗ ವಿಷ್ಣು ಸಹಸ್ರನಾಮ ತೆಗೆಯುತ್ತೇವೆ. ದಿನಾ ಹೇಳುತ್ತೇವೆ, ಆದರೆ ಅಲ್ಲಿರುವ ಹೆಸರುಗಳಲ್ಲಿ ಮಕ್ಕಳಿಗೆ ಇಡುವುದು ಬೆರಳೆಣಿಕೆಯಷ್ಟು. ‘ಪು’ ಅಕ್ಷರಕ್ಕೇ ನೋಡಿ, ಪುರುಷೋತ್ತಮ, ಪುರಂದರ ಎಲ್ಲರಿಗೂ ಗೊತ್ತು. ಪುಷ್ಕರಾಕ್ಷ, ಪುರುಜಿತ್, ಪುಣ್ಯಕೀರ್ತಿ, ಪುಷ್ಪಹಾಸ ಯಾರಿಗಿದೆ? ಹೂವು ಅರಳಿದ ಹಾಗೆ ನಗುವವನು ಪುಷ್ಪಹಾಸ. ಮೂರು ತಿಂಗಳ ಮಗು ಬೊಚ್ಚು ಬಾಯಿ ಬಿಟ್ಟು ನಕ್ಕಾಗ ಈ ಹೆಸರಿನಿಂದ ಕರೆದು ನೋಡಿ. ಪುನರ್ವಸು ಕೂಡ ಸಹಸ್ರನಾಮದಲ್ಲಿದೆ, ಚೆನ್ನಾಗಿದೆ. ಆದರೆ ಅದು ಇನ್ನೊಂದು ನಕ್ಷತ್ರದ ಹೆಸರೂ ಹೌದು. ಹಸ್ತಾದಲ್ಲಿ ಹುಟ್ಟಿದವನಿಗೆ ಇಟ್ಟರೆ ಕೇಳಿದವರಿಗೆಲ್ಲ ವಿವರಿಸುತ್ತಾ ಇರಬೇಕಾಗುತ್ತದೆ.

ಅಕ್ಷರ ಬಿಡುವುದಾದರೆ ನಮ್ಮೂರಿನ ಉತ್ಸವಮೂರ್ತಿಯ ಹೆಸರು ‘ರಾಮಪ್ರಿಯ’. ರಾಮನೇ ಪೂಜೆ ಮಾಡಿದ ಮೂರ್ತಿ ಅನ್ನುವ ನಂಬಿಕೆಯಿಂದ ಬಂದದ್ದು. ವೈರಮುಡಿಗೆ ಬರುವ ಲಕ್ಷಾಂತರ ಜನ ಚೆಲುವರಾಯ ಅನ್ನುತ್ತಾರೆ, ಸಂಪತ್ಕುಮಾರ ಅನ್ನುತ್ತಾರೆ. ರಾಮಪ್ರಿಯ ಅನ್ನುವವರು ಕಮ್ಮಿ. ಹುಡುಗರಿಗೆ ಎಷ್ಟು ಒಪ್ಪುವ ಹೆಸರು ಅಲ್ವಾ?

— ಗೃಹಿಣಿ, ಮೇಲುಕೋಟೆ

*

ಹೆಸರು ಚಿಕ್ಕದಿರಲಿ, ಗದ್ದೆ ಬದುವಿನ ಮೇಲೆ ನಿಂತು ಕೂಗಿದರೆ ಆ ಕಡೆಗೆ ಕೇಳಬೇಕು. ನಮ್ಮ ಕಡೆ ಷಡಕ್ಷರಿ ಅಂತ ಒಳ್ಳೆಯ ಹೆಸರು ಇತ್ತು. ಷಡಕ್ಷರದೇವ ಅನ್ನುವ ದೊಡ್ಡ ಕವಿ ನಮ್ಮ ತಾಲ್ಲೂಕಿನ ಧನಗೂರಿನವರು. ಹಸ್ತಾಕ್ಕೆ ‘ಷ’ ಬರುವುದಾದರೆ ಅದನ್ನೂ ನೋಡಿ. ಕರೆಯುವುದಕ್ಕೆ ಅಕ್ಷರಿ ಅನ್ನಬಹುದು.

— ರೈತ, ಮಳವಳ್ಳಿ

*

ಮಾನ್ಯರೇ,

ಹೆಸರು ಯಾವುದು ಅಂತ ನಾನು ಹೇಳುವುದಿಲ್ಲ. ಜನನ ನೋಂದಣಿ ಕೆಲಸ ಮಾಡಿದವನಾಗಿ ಕಾಗದದ ವಿಷಯ ಹೇಳುತ್ತೇನೆ, ಏಕೆಂದರೆ ಹೆಸರು ಹುಡುಕುವ ಸಂಭ್ರಮದಲ್ಲಿ ಇದು ಯಾರಿಗೂ ನೆನಪಿರುವುದಿಲ್ಲ.

ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆಗ ಹೆಸರು ಇರಲೇಬೇಕು ಅಂತಿಲ್ಲ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಅದು ದಾಟಿದರೆ ತಡವಾದದ್ದಕ್ಕೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಅವಸರ ಮಾಡಿದರು ಅಂತ ಯಾವುದೋ ಹೆಸರು ಬರೆಸಬೇಡಿ. ಬರೆಸಿದ ಮೇಲೆ ಬದಲಾಯಿಸುವುದು ದೊಡ್ಡ ತಲೆನೋವು. ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ ಅಂತ ಅಲೆದಾಟ.

2023ರ ಅಕ್ಟೋಬರ್ 1ರಿಂದ ಕಾನೂನು ಬದಲಾಗಿದೆ. ಅವತ್ತಿನಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದಕ್ಕೆ, ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸ್‌ಗೆ, ಮದುವೆ ನೋಂದಣಿಗೆ ಜನನ ಪ್ರಮಾಣಪತ್ರವೇ ಆಧಾರ. ನಿಮ್ಮ ಮಗನ ಬಾಳಿನುದ್ದಕ್ಕೂ ಅದರಲ್ಲಿರುವ ಹೆಸರೇ ಓಡುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಈಗಲೇ ತೀರ್ಮಾನ ಮಾಡಿ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಬರೆಯುವವರು ಅವರಿಗೆ ತಿಳಿದ ಹಾಗೆ ಬರೆಯುತ್ತಾರೆ. ಒಂದು ‘ಎ’ ಜಾಸ್ತಿ ಬಿತ್ತು, ಒಂದು ‘ಎಚ್’ ಬಿಟ್ಟುಹೋಯಿತು ಅಂದರೆ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರೂ ಮೂರು ದಾರಿ ಹಿಡಿಯುತ್ತವೆ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಜೀವಮಾನಕ್ಕೆ ಎರಡೇ ಅವಕಾಶ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ಮುಂದೆ ಬರುತ್ತದಲ್ಲ, ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ. ಅದನ್ನೂ ಈಗಲೇ ಯೋಚಿಸಿ.

ಅಂದ ಹಾಗೆ, ಇಂಗ್ಲಿಷಿನಲ್ಲಿ ಬರೆದರೆ ‘ಣ’ವೂ ಒಂದೇ, ‘ನ’ವೂ ಒಂದೇ. ಎರಡಕ್ಕೂ ‘ಎನ್’. ಆ ಚಿಂತೆ ಬಿಡಿ.

— ನಿವೃತ್ತ ಸರ್ಕಾರಿ ನೌಕರ, ಕೆ.ಆರ್. ಪೇಟೆ

*

ಹಾಯ್ ಅಕ್ಕಾ,

ನಾನೂ ಹೊಸ ಅಮ್ಮ. ನಿಮ್ಮ ಪತ್ರ ಓದಿ ನನಗೆ ಕಂಡದ್ದು ಬೇರೆ. ನಿಮ್ಮ ಮನೆಯಲ್ಲಿ ಹೆಸರಿಗೆ ಬರ ಇಲ್ಲ. ಮೂರು ಜನಕ್ಕೆ ಮೂರು ಆಸೆ ಇದೆ, ಮೂರು ಜನ ಒಂದು ಕಡೆ ಕೂತು ಮಾತಾಡಿಲ್ಲ. ಭಾವ ಮೈಸೂರಿನಲ್ಲಿ, ನೀವು ಮಂಡ್ಯದಲ್ಲಿ. ಭಾನುವಾರ ಬಂದಾಗ ಮಗು ಎತ್ತಿಕೊಳ್ಳುವುದಕ್ಕೇ ಹೊತ್ತು ಸಾಲದು. ವಾರವೆಲ್ಲ ಅವರು ಒಬ್ಬರೇ ಮೊಬೈಲಿನಲ್ಲಿ ಹುಡುಕುತ್ತಾರೆ, ಸಿಕ್ಕಿದ್ದನ್ನು ನಿಮಗೆ ಕಳಿಸುತ್ತಾರೆ. ಪಾಪ, ಅವರಿಗೂ ಮಗನಿಗೆ ಏನಾದರೂ ಮಾಡಬೇಕು ಅನ್ನುವ ಆಸೆ. ಹೆರುವುದು ನಾವು, ಬಾಣಂತನ ಮಾಡುವುದು ಅವ್ವ. ಹೆಸರು ಹುಡುಕುವುದೊಂದೇ ಅಪ್ಪಂದಿರ ಕೈಗೆ ಸಿಗುವ ಕೆಲಸ. ಅವರ ಪಟ್ಟಿಯನ್ನು ಒಂದೇ ಏಟಿಗೆ ಬೇಡ ಅನ್ನಬೇಡಿ. “ಇದರ ಅರ್ಥ ನಿಜವಾ ಅಂತ ನೀವೇ ನೋಡಿ ಹೇಳಿ” ಅಂತ ಅವರಿಗೇ ಬಿಡಿ. ಅರ್ಧಕ್ಕರ್ಧ ಅವರೇ ಹೊಡೆದು ಹಾಕುತ್ತಾರೆ.

ನಮ್ಮ ಮನೆಯಲ್ಲಿ ಹೀಗೆ ಮಾಡಿದೆವು. ಉಳಿದ ನಾಲ್ಕೈದು ಹೆಸರನ್ನು ಕ್ಯಾಲೆಂಡರಿನ ಹಿಂದೆ ಬರೆದು ಅಡುಗೆಮನೆ ಬಾಗಿಲಿಗೆ ಸಿಕ್ಕಿಸಿದೆವು. ಎಣ್ಣೆ ಹಚ್ಚಿ ನೀರು ಹಾಕುವಾಗ ಅಜ್ಜಿ ಒಂದು ಹೆಸರು ಹಿಡಿದು ಕರೆಯುವುದು, ಲಾಲಿ ಹಾಡುವಾಗ ನಾನು ಇನ್ನೊಂದು. ತೊದಲುತ್ತಾ ಮುದ್ದು ಮಾಡುವಾಗ ಯಾವುದು ಬಾಯಿಗೆ ಬಂತು, ಸಿಟ್ಟು ಬಂದಾಗ ಯಾವುದನ್ನು ಕೂಗಲು ಆಗಲಿಲ್ಲ, ಎಲ್ಲವೂ ಗೊತ್ತಾಗುತ್ತದೆ. ಓದುವಾಗ ಚೆನ್ನಾಗಿದ್ದ ಎರಡು ಹೆಸರು ನಮ್ಮಲ್ಲಿ ಬೇಗನೆ ಬಿದ್ದುಹೋದವು. ಯಾರೂ ಅವನ್ನು ಕರೆಯಲೇ ಇಲ್ಲ. ಕೊನೆಗೆ ಉಳಿದ ಹೆಸರಿಗೆ ವೋಟು ಹಾಕುವ ಕೆಲಸವೇ ಬೀಳಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರೂ ಅದನ್ನೇ ಕರೆಯುತ್ತಿದ್ದರು.

ನಿಮ್ಮತ್ತೆಯನ್ನು ಈ ಆಟಕ್ಕೆ ಸೇರಿಸಿಕೊಳ್ಳುವುದನ್ನು ಮರೆಯಬೇಡಿ. ಅವರು ಮೈಸೂರಿನಲ್ಲಿದ್ದರೆ ಫೋನಿನಲ್ಲೇ ಮಗುವನ್ನು ಕರೆಯಲಿ. ತೊಟ್ಟಿಲು ಶಾಸ್ತ್ರದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಲ್ಲಿ ಹೆಸರು ಬರೆಸುತ್ತಾರಲ್ಲ, ಅಲ್ಲಿ ಎರಡು ಹೆಸರು ಬರೆಯಿಸಿ. ಮೇಲೆ ತಾತನದು, ಕೆಳಗೆ ನೀವಿಬ್ಬರೂ ಆರಿಸಿದ್ದು. ಭಾವನ ಕೈ ಹಿಡಿದು ನಿಮ್ಮತ್ತೆಯೇ ಬರೆಸಲಿ. ಕಿವಿಯಲ್ಲಿ ಹೇಳುವ ಶಾಸ್ತ್ರ ನಿಮ್ಮಲ್ಲಿ ಸೋದರತ್ತೆಯದಾದರೆ ಅವರಿಗೂ ಎರಡೂ ಹೆಸರನ್ನು ಮೊದಲೇ ತಿಳಿಸಿಡಿ. ಆ ಗಲಾಟೆಯಲ್ಲಿ ಕೇಳಿದರೆ ಒಂದು ಮರೆತುಹೋಗುತ್ತದೆ.

ಯಾವ ಹೆಸರಿಟ್ಟಿರಿ ಅಂತ ಆಮೇಲೆ ಬರೆದು ತಿಳಿಸಿ ಅಕ್ಕಾ. ನಾವೆಲ್ಲ ಕಾಯುತ್ತಿರುತ್ತೇವೆ.

— ಕುವೆಂಪುನಗರ, ಮೈಸೂರು